ಮಾಳಗಿ ಮ್ಯಾಗಿನ ಟ್ಯಾಂಕಿ ನೀರು ಮೊಬೈಲ್‌ದಾಗ ನೋಡೋದು ಹೆಂಗ: ಇಎಸ್‌ಪಿ32 ಪ್ರಾಜೆಕ್ಟ್, ಜೊತಿಗೆ ಇನ್‌ಸ್ಟಾಲ್ ಎರರ್‌ಗಳ ರಿಪೇರಿ

ನಮ್ಮ ಕಲಬುರ್ಗಿ ಕಡಿ ಭಾಳ ಓಣಿಗೋಳಾಗ ನಳ ದಿನಾ ಬರಂಗಿಲ್ಲ, ಬಂದಾಗ ತುಂಬಿಸ್ಕೋಬೇಕು, ಅದಕ್ಕ ಮಾಳಗಿ ಮ್ಯಾಗಿನ ಟ್ಯಾಂಕ್ಯಾಗ ಎಷ್ಟು ನೀರದ ಅನ್ನೋದು ಮನಿ ಮಂದಿಗೆಲ್ಲ ಬೇಕಾಗಿರೋ ಸುದ್ದಿ. ಮೇ ತಿಂಗಳದಾಗ ಮಧ್ಯಾಹ್ನ ಮೆಟ್ಟಲ ಹತ್ತಿ ಮುಚ್ಚಳ ತಗದು ನೋಡೋದಕ್ಕಿಂತ ಒಂದು ಸಣ್ಣ ಬೋರ್ಡು, ಒಂದು ಸೆನ್ಸರ್ ಕೂಡಿಸಿ ಮೊಬೈಲ್‌ದಾಗೇ ನೋಡೋದು ಚೊಲೊ ಅಲ್ಲೇನ್ರಿ. ಐಒಟಿ (ಸಾಮಾನುಗೋಳ್ನ ನೆಟ್‌ವರ್ಕಿಗಿ ಜೋಡಿಸೋ ವಿದ್ಯೆ) ಕಲಿಯೋರಿಗಿ ಇದಕ್ಕಿಂತ ಒಳ್ಳೆ ಮದಲನೇ ಪ್ರಾಜೆಕ್ಟ್ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರ ಎಲ್‌ಇಡಿ ಮಿಣುಕಿಸಿ ಬಿಟ್ಟುಬಿಡೋ ಪ್ರಾಜೆಕ್ಟ್ ಅಲ್ಲ ಇದು, ಮನ್ಯಾಗ ದಿನಾ ಕೆಲಸಕ್ಕ ಬರ್ತದ.

ಆದ್ರ ಒಂದು ಮಾತು ಮದ್ಲೇ ಹೇಳ್ತೀನಿ. ಪಿಡಿಎ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರಿರಲಿ, ಡಿಪ್ಲೊಮಾದವ್ರಿರಲಿ, ನನ್ನ ಕಡಿ ಬಂದು "ಕೋಡ್ ನಡಿಯವಲ್ದು" ಅಂತ ಕೇಳೋರದ್ದು ನೋಡಿದ್ರ ಕೋಡ್ ಸರಿನೇ ಇರ್ತದ, ಕೇಬಲ್, ಡ್ರೈವರ್, ಅರ್ಧಕ್ಕ ನಿಂತ ಡೌನ್‌ಲೋಡ್, ಇಂಥಾದ್ರಾಗೇ ಗಾಡಿ ನಿಂತಿರ್ತದ. ಅದಕ ಕೆಳಗ ಬರ್ದಿದ್ದು ಯಾವ ಸಾಲಿನಾಗ ಅದನೋ ಅದೇ ಸಾಲಿನಾಗ ಮಾಡ್ರಿ, ಒಂದು ಹಂತ ಆಗೋ ತನಕ ಮುಂದಿಂದು ಮುಟ್ಟಬ್ಯಾಡ್ರಿ, ಎಲ್ಲಾ ಒಮ್ಮೆಲೇ ಕೂಡಿಸಿದ್ರ ಯಾವ್ದು ಕೆಟ್ಟದ ಅಂತ ದೇವ್ರಿಗೂ ತಿಳಿಯಂಗಿಲ್ಲ.

ಏನೇನು ತಗೋಬೇಕು

ಇಎಸ್‌ಪಿ32 ಡೆವ್‌ಕಿಟ್ ಬೋರ್ಡ್ ಒಂದು (ವೈಫೈ ಇರೋ ಸಣ್ಣ ಕಂಪ್ಯೂಟರ್ ಚಿಪ್ಪಿನ ಬೋರ್ಡು, 30 ಪಿನ್ ಇದ್ದಿದ್ದು ಸಾಕು). ಜೆಎಸ್‌ಎನ್-ಎಸ್‌ಆರ್04ಟಿ ಅಂತ ಬರೋ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಒಂದು, ಎರಡು ಕಣ್ಣಿನ ಅಗ್ಗದ ಎಚ್‌ಸಿ-ಎಸ್‌ಆರ್04 ಬ್ಯಾಡ್ರಿ, ಟ್ಯಾಂಕಿ ಒಳಗಿನ ಹಬಿಗಿ ಅದು ಬಾಳಿಕಿ ಬರಂಗಿಲ್ಲ. ಡಿಎಸ್18ಬಿ20 ಅಂತ ವಾಯರ್ ತುದಿಗಿ ಸ್ಟೀಲ್ ಕೊಳವಿ ಇರೋ ಟೆಂಪರೇಚರ್ ಸೆನ್ಸರ್ ಒಂದು, ಇದು ಯಾಕ ಅಂತ ಆಮ್ಯಾಗ ಹೇಳ್ತೀನಿ. 1 ಕಿಲೊ ಓಮ್, 2 ಕಿಲೊ ಓಮ್, 4.7 ಕಿಲೊ ಓಮ್ ರೆಸಿಸ್ಟರ್, ಜಂಪರ್ ವಾಯರ್, ಬ್ರೆಡ್‌ಬೋರ್ಡ್, 5 ವೋಲ್ಟ್‌ದ ಚೊಲೊ ಮೊಬೈಲ್ ಚಾರ್ಜರ್. ಎಲ್ಲಾ ಸೇರಿ ಹದಿನೈದು ನೂರು ರೂಪಾಯಿ ಒಳಗ ಮುಗಿಬೇಕು. ಕಲಬುರ್ಗಿ ಸುಪರ್ ಮಾರ್ಕೆಟ್ ಓಣಿ ಕಡಿ ಅಂಗಡ್ಯಾಗ ರೆಸಿಸ್ಟರ್, ವಾಯರ್ ಸಿಗ್ತಾವ, ಬೋರ್ಡ್ ಆನ್‌ಲೈನ್ ತರಸ್ಕೊಂಡ್ರ ಆಯ್ತು, ಬೀದರದವ್ರು ಹೆಂಗೂ ಹೈದ್ರಾಬಾದ್‌ಗಿ ಹೋಗಿಬರ್ತಾರ, ಕೋಠಿ ಕಡಿ ಕೈಯಾಗ ಹಿಡದು ನೋಡಿ ತರಬಹುದು.

ಯುಎಸ್‌ಬಿ ಕೇಬಲ್ ಮಾತ್ರ ಡೇಟಾ ಕೇಬಲ್ ಇರ್ಬೇಕು. ಪವರ್‌ಬ್ಯಾಂಕ್ ಜೊತಿ ಬರೋ ಗಿಡ್ಡ ಕೇಬಲ್ ಭಾಳ ಸಲ ಚಾರ್ಜಿಂಗ್‌ದ್ದಷ್ಟೇ ಇರ್ತದ, ಒಳಗ ಡೇಟಾ ಎಳಿನೇ ಇರಂಗಿಲ್ಲ. ಬೋರ್ಡ್ ಮ್ಯಾಗಿನ ಕೆಂಪು ಲೈಟ್ ಹತ್ತತದ, ನಾವು ಎಲ್ಲಾ ಸರಿ ಅದ ಅನ್ಕೋತೀವಿ, ಲ್ಯಾಪ್‌ಟಾಪ್‌ಗಿ ಮಾತ್ರ ಅಲ್ಲಿ ಏನೋ ಚುಚ್ಚ್ಯಾರ ಅನ್ನೋದೇ ಗೊತ್ತಿರಂಗಿಲ್ಲ. ಪರೀಕ್ಷೆ ಸರಳ ಅದ: ಅದೇ ಕೇಬಲ್‌ದಿಂದ ಮೊಬೈಲ್ ಕನೆಕ್ಟ್ ಮಾಡಿ ಫೋಟೊ ಫೋಲ್ಡರ್ ಲ್ಯಾಪ್‌ಟಾಪ್‌ದಾಗ ತೆರಿತದೇನು ನೋಡ್ರಿ, ತೆರಿಲಿಲ್ಲಂದ್ರ ಆ ಕೇಬಲ್ ಪಕ್ಕಕ್ಕಿಡ್ರಿ.

ಆರ್ಡುಯಿನೊ ಐಡಿಇ ಹಾಕೋದು

ಕೋಡ್ ಬರ್ದು ಬೋರ್ಡಿಗಿ ಕಳಿಸೋ ಸಾಫ್ಟ್‌ವೇರ್ ಇದು, ಆರ್ಡುಯಿನೊದವ್ರ ಸ್ವಂತ ವೆಬ್‌ಸೈಟ್‌ದಿಂದಷ್ಟೇ ಡೌನ್‌ಲೋಡ್ ಮಾಡ್ರಿ, ಪೆನ್‌ಡ್ರೈವ್‌ದಾಗ ಗೆಳ್ಯಾ ಕೊಟ್ಟಿದ್ದು ಬ್ಯಾಡ. ಈಗಿನ 2ನೇ ಸರಣಿ ಐಡಿಇಗಿ ವಿಂಡೋಸ್ 10 ಇಲ್ಲಾ ಅದರ ಮುಂದಿಂದು, ಅದೂ 64 ಬಿಟ್ ಬೇಕು. ಮನ್ಯಾಗ ಹಳಿ 32 ಬಿಟ್ ಲ್ಯಾಪ್‌ಟಾಪ್ ಇಲ್ಲಾ ವಿಂಡೋಸ್ 7 ಇದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ಅದೇ ಸೈಟ್‌ದಾಗ ಕೆಳಗ ಹಳಿ 1.8.19 ವರ್ಷನ್ ಸಿಗ್ತದ, ನಮ್ಮ ಕೆಲಸಕ್ಕ ಅದೂ ನಡಿತದ.

ಹೊಸಾ ಅಗ್ಗದ ಲ್ಯಾಪ್‌ಟಾಪ್ ತಗೊಂಡೋರಿಗಿ ಒಂದು ವಿಚಿತ್ರ ಅಡ್ಡಿ ಬರ್ತದ, ಇನ್‌ಸ್ಟಾಲರ್ ಒತ್ತಿದ್ರ "ಸ್ಟೋರ್‌ದಾಗಿನ ಆಪ್ ಅಷ್ಟೇ ಹಾಕ್ಲಿಕ್ಕಾಗ್ತದ" ಅನ್ನೋ ಅರ್ಥದ್ದು ಮೆಸೇಜ್ ಬಂದು ನಿಲ್ಲತದ. ಅಂದ್ರ ವಿಂಡೋಸ್ ಎಸ್ ಮೋಡ್‌ದಾಗ ಅದ. ಸೆಟ್ಟಿಂಗ್ಸ್‌ದಾಗ ಆಕ್ಟಿವೇಶನ್‌ಗಿ ಹೋಗಿ ಎಸ್ ಮೋಡ್‌ದಿಂದ ಹೊರಗ ಬರಬಹುದು, ರೊಕ್ಕ ಏನೂ ಇಲ್ಲ, ಆದ್ರ ಒಮ್ಮೆ ಬಂದ್ರ ತಿರುಗಿ ಆ ಮೋಡ್‌ಗಿ ಹೋಗ್ಲಿಕ್ಕಾಗಂಗಿಲ್ಲ.

ಇನ್ನೊಂದು ನಮ್ಮಂಥೋರಿಗೇ ಬರೋ ಎರರ್. ಪ್ರೀತಿಯಿಂದ ವಿಂಡೋಸ್ ಯೂಸರ್ ಹೆಸರು ಕನ್ನಡದಾಗ ಇಟ್ಟಿರ್ತೀವಿ, ಇಲ್ಲಾ ಪ್ರಾಜೆಕ್ಟ್ ಫೋಲ್ಡರ್‌ಗಿ ಕನ್ನಡ ಹೆಸರು ಕೊಟ್ಟಿರ್ತೀವಿ. ಐಡಿಇ ತೆರಿತದ, ಕಂಪೈಲ್ (ಕೋಡ್‌ನ ಬೋರ್ಡಿಗಿ ತಿಳಿಯೋ ಭಾಷಿಗಿ ಬದಲಿಸೋದು) ಮಾಡ್ಲಿಕ್ಕ ಹೋದ್ರ "ಫೈಲ್ ಸಿಗ್ಲಿಲ್ಲ" ಅಂತ ಪ್ರಶ್ನಾರ್ಥಕ ಚಿಹ್ನಿ ತುಂಬಿದ ದಾರಿ ತೋರಿಸ್ತದ, ಯಾಕಂದ್ರ ಒಳಗಿನ ಕೆಲವು ಟೂಲ್‌ಗೋಳಿಗಿ ಇಂಗ್ಲಿಷ್ ಅಕ್ಷರ ಬಿಟ್ಟು ಬ್ಯಾರೆ ಅಕ್ಷರದ ದಾರಿ ಓದ್ಲಿಕ್ಕ ಬರಂಗಿಲ್ಲ. ಸೆಟ್ಟಿಂಗ್ಸ್‌ದಾಗ ಹೆಸರು ಬದಲ್ ಮಾಡಿದ್ರ ಉಪಯೋಗಿಲ್ಲ, ಮ್ಯಾಗಿನ ಹೆಸರಷ್ಟೇ ಬದಲಾಗ್ತದ, ಫೋಲ್ಡರ್ ಹಂಗೇ ಇರ್ತದ. ಇಂಗ್ಲಿಷ್ ಅಕ್ಷರದಾಗ, ಸ್ಪೇಸ್ ಇಲ್ದ ಹೆಸರಿನ ಹೊಸಾ ಲೋಕಲ್ ಅಕೌಂಟ್ ಮಾಡಿ ಅದ್ರಾಗ ಕೆಲಸ ಮಾಡೋದೇ ಸುಲಭ ದಾರಿ. ಸ್ಕೆಚ್ (ಆರ್ಡುಯಿನೊದಾಗ ಕೋಡ್‌ಗಿ ಇರೋ ಹೆಸರು) ಫೋಲ್ಡರ್‌ನೂ ಒನ್‌ಡ್ರೈವ್ ಒಳಗ ಇಡಬ್ಯಾಡ್ರಿ, ಸಿ ಡ್ರೈವ್‌ದಾಗ ನೇರ ಒಂದು ಸಣ್ಣ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಡ್ರಿ.

ಉಬುಂಟು ಲಿನಕ್ಸ್ ಬಳಸೋರು ಐಡಿಇದ ಆಪ್‌ಇಮೇಜ್ ಫೈಲ್ ಡಬಲ್ ಕ್ಲಿಕ್ ಮಾಡಿದ್ರ ಏನೂ ಆಗವಲ್ದು ಅಂದ್ರ ಎರಡು ನೋಡ್ರಿ, ಫೈಲ್‌ಗಿ ಎಕ್ಸಿಕ್ಯೂಟ್ ಪರ್ಮಿಶನ್ ಕೊಟ್ಟೀರೇನು, 22.04 ಮತ್ತು ಅದರ ಮುಂದಿನ ಉಬುಂಟುದಾಗ ಲಿಬ್‌ಫ್ಯೂಸ್2 ಪ್ಯಾಕೇಜ್ ಹಾಕೀರೇನು.

ಪೋರ್ಟ್ ಕಾಣವಲ್ದು ಅಂದ್ರ

ಬೋರ್ಡ್ ಚುಚ್ಚಿ ಡಿವೈಸ್ ಮ್ಯಾನೇಜರ್ ತೆರಿರಿ, ಪೋರ್ಟ್ಸ್ ಅನ್ನೋ ಸಾಲಿನ ಕೆಳಗ ಕಾಮ್3, ಕಾಮ್5 ಹಿಂಗ ಏನಾರ ಹೊಸದು ಬಂತೇನು ನೋಡ್ರಿ. ಬೋರ್ಡ್ ತಗದ್ರ ಹೋಗ್ಬೇಕು, ಚುಚ್ಚಿದ್ರ ಬರ್ಬೇಕು, ಅದೇ ನಿಮ್ಮ ಪೋರ್ಟ್. ಏನೂ ಬದಲಾಗವಲ್ದು ಅಂದ್ರ ಕೇಬಲ್. ಹಳದಿ ತ್ರಿಕೋನ ಬಂತಂದ್ರ ಡ್ರೈವರ್.

ಯಾವ ಡ್ರೈವರ್ ಅಂತ ಊಹೆ ಮಾಡಬ್ಯಾಡ್ರಿ, ಬೋರ್ಡ್ ಮ್ಯಾಗೇ ಬರ್ದಿರ್ತದ. ಯುಎಸ್‌ಬಿ ಸಾಕೆಟ್ ಹತ್ರ ಒಂದು ಸಣ್ಣ ಕರಿ ಚಿಪ್ ಇರ್ತದ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ, ಬೆಳಕಿಗಿ ಸ್ವಲ್ಪ ಓರೆ ಹಿಡದ್ರ ಅಕ್ಷರ ಕಾಣತಾವ. ಎರಡು ಬದಿಗಿ ಕಾಲಿರೋ ಉದ್ದನ ಚಿಪ್ ಮ್ಯಾಗ ಸಿಎಚ್340 ಅಂತಿದ್ರ ಅದನ್ನ ಮಾಡೋ ಡಬ್ಲ್ಯೂಸಿಎಚ್ ಕಂಪನಿ ಡ್ರೈವರ್ ಬೇಕು, ಕಾಲೇ ಕಾಣದಂಥ ಚೌಕ ಚಿಪ್ ಮ್ಯಾಗ ಸಿಪಿ2102 ಅಂತಿದ್ರ ಸಿಲಿಕಾನ್ ಲ್ಯಾಬ್ಸ್‌ದು. ಚಿಪ್ ಮಾಡ್ದೋರ ಸೈಟ್‌ದಿಂದಾನೇ ತಗೋರಿ, "ಡ್ರೈವರ್ ಅಪ್‌ಡೇಟರ್" ಅಂತ ಜಾಹೀರಾತು ಬರೋ ಸಾಫ್ಟ್‌ವೇರ್ ಯಾವ್ದೂ ಹತ್ರ ಬಿಟ್ಕೋಬ್ಯಾಡ್ರಿ. ಹಾಕಿದ ಮ್ಯಾಗ ಬೋರ್ಡ್ ಒಮ್ಮೆ ತಗದು ಚುಚ್ರಿ.

ಲಿನಕ್ಸ್‌ದಾಗ ಡ್ರೈವರ್ ಒಳಗೇ ಇರ್ತದ ಆದ್ರ ಬ್ಯಾರೆ ತಕರಾರು ಅದ. "ಪರ್ಮಿಶನ್ ಡಿನೈಡ್" ಬಂದ್ರ ನಿಮ್ಮ ಯೂಸರ್‌ನ ಡಯಲ್‌ಔಟ್ ಗ್ರೂಪಿಗಿ ಸೇರಿಸಿ ಪೂರ್ತಿ ಲಾಗ್‌ಔಟ್ ಆಗಿ ಬರ್ರಿ, ಟರ್ಮಿನಲ್ ಮುಚ್ಚಿ ತೆರದ್ರ ಸಾಲಂಗಿಲ್ಲ. ಉಬುಂಟು 22.04ದಾಗ ಸಿಎಚ್340 ಬೋರ್ಡ್ ಚುಚ್ಚಿದ್ರ ಪೋರ್ಟ್ ಒಂದು ಕ್ಷಣ ಬಂದು ಮಾಯ ಆಗ್ತದ ನೋಡ್ರಿ, ಅದು ಬಿಆರ್‌ಎಲ್‌ಟಿಟಿವೈ ಅನ್ನೋ ಬ್ರೈಲ್ ಸಾಧನದ ಸರ್ವಿಸ್ ಆ ಚಿಪ್ ನೋಡಿ ತನ್ನದೇ ಅಂತ ಹಿಡ್ಕೊಂಬಿಡೋದ್ರಿಂದ. ಬ್ರೈಲ್ ಡಿಸ್‌ಪ್ಲೇ ಬಳಸೋರು ಮನ್ಯಾಗ ಯಾರೂ ಇಲ್ಲಂದ್ರ ಆ ಪ್ಯಾಕೇಜ್ ತಗದುಬಿಡ್ರಿ, ಪೋರ್ಟ್ ನಿಲ್ಲತದ.

ಬೋರ್ಡ್ ಪ್ಯಾಕೇಜ್: ಇಲ್ಲೇ ಎಲ್ಲಾರೂ ಸೋಲೋದು

ಐಡಿಇಗಿ ನಮ್ಮ ಬೋರ್ಡಿನ ಪರಿಚಯ ಮಾಡಿಸೋದೇ ಈ ಪ್ಯಾಕೇಜ್. ಐಡಿಇ ಎಡಗಡಿ ಬೋರ್ಡ್ಸ್ ಮ್ಯಾನೇಜರ್‌ದಾಗ ಇಎಸ್‌ಪಿ32 ಅಂತ ಹುಡುಕ್ರಿ. ಆರ್ಡುಯಿನೊದವ್ರ ಹೆಸರಿನ ಒಂದು ಪ್ಯಾಕೇಜ್ ಬರ್ತದ, ಅದು ಅವರ ನ್ಯಾನೊ ಬೋರ್ಡಿಗಿ, ನಮಗ ಅಲ್ಲ. ನಮಗ ಬೇಕಾಗಿದ್ದು ಇಎಸ್‌ಪಿ32 ಮಾಡೋ ಎಸ್ಪ್ರೆಸಿಫ್ ಸಿಸ್ಟಮ್ಸ್ ಹೆಸರಿಂದು. ಅದು ಕಾಣವಲ್ದು ಅಂದ್ರ ಎಸ್ಪ್ರೆಸಿಫ್‌ನವ್ರ ಇನ್‌ಸ್ಟಾಲ್ ಪುಟದಾಗ ಒಂದು ಜೇಸನ್ ಲಿಂಕ್ ಇರ್ತದ, ಅದನ್ನ ಕಾಪಿ ಮಾಡಿ ಪ್ರಿಫರೆನ್ಸಸ್ ಒಳಗಿನ ಅಡಿಷನಲ್ ಬೋರ್ಡ್ಸ್ ಮ್ಯಾನೇಜರ್ ಯುಆರ್‌ಎಲ್ ಡಬ್ಬದಾಗ ಹಾಕ್ರಿ.

ಈ ಪ್ಯಾಕೇಜ್ ಸಣ್ಣದಲ್ಲ, ನೂರಾರು ಎಂಬಿ ಇಳಿತದ, ಬಿಚ್ಚಿದ ಮ್ಯಾಗ ಜಿಬಿ ಲೆಕ್ಕದಾಗ ಜಾಗ ತಿಂತದ, ಸಿ ಡ್ರೈವ್‌ದಾಗ ಏಳೆಂಟು ಜಿಬಿ ಖಾಲಿ ಇಟ್ಕೋರಿ. ಮೊಬೈಲ್ ಹಾಟ್‌ಸ್ಪಾಟ್ ಮ್ಯಾಗ ನಿಧಾನ ಇಳಿಲಿಕ್ಕತ್ತಿರ್ತದ, ನಡಕ್ ಹೋಗಿ "ಡೆಡ್‌ಲೈನ್ ಎಕ್ಸೀಡೆಡ್" ಅಂತ ಕೆಂಪಗ ಬಂದು ಬಿಳತದ, ಮತ್ತ ಹಚ್ತೀರಿ, ಮತ್ತ ಬಿಳತದ, ಡೇಟಾ ಪ್ಯಾಕ್ ಖಾಲಿ. ನೆಟ್ ಕೆಟ್ಟಿಲ್ಲ, ಐಡಿಇಗೇ ತಾಳ್ಮಿ ಇಲ್ಲ. ನಿಮ್ಮ ಯೂಸರ್ ಫೋಲ್ಡರ್‌ದಾಗ ಚುಕ್ಕಿಯಿಂದ ಸುರು ಆಗೋ ಆರ್ಡುಯಿನೊಐಡಿಇ ಅನ್ನೋ ಫೋಲ್ಡರ್ ಅದ, ಅದರೊಳಗ ಆರ್ಡುಯಿನೊ-ಸಿಎಲ್‌ಐ ಅಂತ ಒಂದು ಯಾಮಲ್ ಫೈಲ್. ಐಡಿಇ ಮುಚ್ಚಿ ಅದನ್ನ ನೋಟ್‌ಪ್ಯಾಡ್‌ದಾಗ ತೆರದು, ಕೊನಿಗಿ ನೆಟ್‌ವರ್ಕ್ ಅಂತ ಒಂದು ಸಾಲು, ಅದರ ಮುಂದ ಕೋಲನ್, ಕೆಳಗಿನ ಸಾಲಿನಾಗ ಮದ್ಲು ಎರಡು ಸ್ಪೇಸ್ ಬಿಟ್ಟು ಕನೆಕ್ಷನ್ ಅಂಡರ್‌ಸ್ಕೋರ್ ಟೈಮ್‌ಔಟ್, ಕೋಲನ್, ಒಂದು ಸ್ಪೇಸ್, 600ಎಸ್ ಅಂತ ಇಂಗ್ಲಿಷ್ ಸಣ್ಣ ಅಕ್ಷರದಾಗ ಬರ್ದು ಸೇವ್ ಮಾಡ್ರಿ. ಟ್ಯಾಬ್ ಒತ್ತಬ್ಯಾಡ್ರಿ, ಯಾಮಲ್‌ಗಿ ಟ್ಯಾಬ್ ಅಂದ್ರ ಆಗಂಗಿಲ್ಲ. ಈಗ ಹತ್ತು ನಿಮಿಷ ತನಕ ಕಾಯ್ತದ.

ಅರ್ಧ ಇಳದ ಫೈಲ್ ಉಳ್ಕೊಂಡಿದ್ರ ಮುಂದಿನ ಸಲ "ಆರ್ಕೈವ್ ಹ್ಯಾಶ್ ಡಿಫರ್ಸ್" ಅಂತ ಬರ್ತದ, ಅಂದ್ರ ಇಳದಿದ್ದು ಪೂರ್ತಿ ಇಲ್ಲಾ ಸರಿ ಇಲ್ಲ. ಆಪ್‌ಡೇಟಾ ಒಳಗ ಲೋಕಲ್, ಅದರೊಳಗ ಆರ್ಡುಯಿನೊ15, ಅದರೊಳಗ ಸ್ಟೇಜಿಂಗ್ ಫೋಲ್ಡರ್ ಖಾಲಿ ಮಾಡಿ ಮತ್ತ ಹಚ್ಚ್ರಿ. ಆಪ್‌ಡೇಟಾ ಹಿಡನ್ ಇರ್ತದ, ಎಕ್ಸ್‌ಪ್ಲೋರರ್‌ದಾಗ ಹಿಡನ್ ಐಟಮ್ಸ್ ಆನ್ ಮಾಡ್ಕೋರಿ.

ಇನ್ನು ಹಳಿ ಯೂಟ್ಯೂಬ್ ವಿಡಿಯೊ ನೋಡಿ ಕೋಡ್ ತಗೊಂಡೋರಿಗಿ ಬರೋದು: "ಲೆಡ್‌ಸಿ ಸೆಟಪ್ ಡಿಕ್ಲೇರ್ ಆಗಿಲ್ಲ" ಅನ್ನೋ ಎರರ್. ಈ ಬೋರ್ಡ್ ಪ್ಯಾಕೇಜ್‌ದ 2024ರಾಗ ಬಂದ 3.0 ವರ್ಷನ್‌ದಾಗ ಅಂಥ ಕೆಲವು ಫಂಕ್ಷನ್ ತಗದುಹಾಕಿ ಲೆಡ್‌ಸಿ ಅಟ್ಯಾಚ್ ಅನ್ನೋ ಒಂದ್ರಾಗ ಸೇರಿಸ್ಯಾರ. ಕೋಡ್ ತಿದ್ದ್ರಿ, ಇಲ್ಲಾ ಬೋರ್ಡ್ಸ್ ಮ್ಯಾನೇಜರ್‌ದಾಗ ವರ್ಷನ್ ಪಟ್ಟಿಯಿಂದ 2.0.17 ಆರಿಸಿ ಹಾಕ್ಕೋರಿ. ಹೊಸದಾಗಿ ಕಲಿಯೋರು ತಿದ್ದೋದೇ ಚೊಲೊ.

ಅಪ್‌ಲೋಡ್

ಎಕ್ಸಾಂಪಲ್ಸ್‌ದಾಗಿನ ಬ್ಲಿಂಕ್ (ಎಲ್‌ಇಡಿ ಮಿಣುಕಿಸೋ ಕೋಡ್) ತೆರದು ಬೋರ್ಡ್ ಇಎಸ್‌ಪಿ32 ಡೆವ್ ಮಾಡ್ಯೂಲ್ ಅಂತ ಆರಿಸಿ ಅಪ್‌ಲೋಡ್ ಒತ್ರಿ. ಮದಲನೇ ಕಂಪೈಲ್‌ಗಿ ಕೆಲವು ನಿಮಿಷ ಹಿಡಿತದ, ನಿಂತದ ಅನ್ಕೊಂಡು ಮುಚ್ಚಬ್ಯಾಡ್ರಿ. ಬೋರ್ಡ್ ಮ್ಯಾಗಿನ ಎಲ್‌ಇಡಿ ಭಾಳ ಬೋರ್ಡ್‌ಗೋಳಾಗ ಪಿನ್ 2ಕ್ಕ ಇರ್ತದ, ಬ್ಲಿಂಕ್ ಕೋಡ್‌ದಾಗ ಎಲ್‌ಇಡಿ ಬಿಲ್ಟ್‌ಇನ್ ಅಂದಿದ್ದು ಎರರ್ ಕೊಟ್ರ ಅಲ್ಲಿ 2 ಹಾಕ್ರಿ.

"ಕನೆಕ್ಟಿಂಗ್" ಅಂತ ಬಂದು ಮುಂದ ಚುಕ್ಕಿ ಚುಕ್ಕಿ ಚುಕ್ಕಿ ಬೀಳಲಿಕ್ಕತ್ತಿದ್ರ, ಆ ಚುಕ್ಕಿ ಬೀಳೋ ಹೊತ್ತಿನ್ಯಾಗೇ ಬೋರ್ಡ್ ಮ್ಯಾಗಿನ ಬೂಟ್ ಗುಂಡಿ ಒತ್ತಿ ಹಿಡೀರಿ, ಪರ್ಸೆಂಟ್ ಓಡ್ಲಿಕ್ಕ ಸುರು ಆದಕೂಡಲೇ ಬಿಡ್ರಿ. ಬಾಜೂ ಇರೋ ಇಎನ್ ಗುಂಡಿ ಅಲ್ಲ, ಅದು ರಿಸೆಟ್. ಪ್ರತಿ ಸಲ ಹಿಂಗೇ ಮಾಡ್ಬೇಕಾಗ್ಯಾದ ಅಂದ್ರ ಇಎನ್ ಪಿನ್‌ಗೂ ಗ್ರೌಂಡ್‌ಗೂ ನಡುವ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕ್ರಿ (ಪ್ಲಸ್ ಕಾಲು ಇಎನ್ ಕಡಿ), ಆಮ್ಯಾಗ ತಾನೇ ಹಿಡಿತದ. ಚುಕ್ಕಿ ದಾಟಿ ನಡಕ್ ಕಡಿದ್ರ ಅಪ್‌ಲೋಡ್ ಸ್ಪೀಡ್ 921600 ಇದ್ದಿದ್ದು 115200ಕ್ಕ ಇಳಸ್ರಿ. "ಪೋರ್ಟ್ ಬಿಝಿ" ಅಂದ್ರ ಎಲ್ಲೋ ಇನ್ನೊಂದು ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸಿದ ಮಾತು ತೋರಿಸೋ ಕಿಟಕಿ) ತೆರದಿದ್ದು ಅದ, ಇಲ್ಲಾ ಐಡಿಇನೇ ಎರಡು ಸಲ ತೆರದೀರಿ.

ಸೀರಿಯಲ್ ಮಾನಿಟರ್‌ದಾಗ ಚೌಕಟ್ಟು, ಡೊಂಕ ಅಕ್ಷರ ಬಂದ್ರ ಬಾಡ್ ರೇಟ್ (ಮಾತು ಕಳಿಸೋ ವೇಗ) ಕೋಡ್‌ದಾಗ ಎಷ್ಟದ ಕೆಳಗೂ ಅಷ್ಟೇ ಮಾಡ್ರಿ, 115200 ಇಡ್ರಿ. "ಬ್ರೌನ್‌ಔಟ್ ಡಿಟೆಕ್ಟರ್" ಅಂತ ಬಂದು ಬೋರ್ಡ್ ಮತ್ತ ಮತ್ತ ರಿಸ್ಟಾರ್ಟ್ ಆಗ್ಲಿಕ್ಕತ್ತಿದ್ರ ಕೋಡ್ ಹುಡುಕಬ್ಯಾಡ್ರಿ, ವೈಫೈ ಆನ್ ಆಗೋ ಹೊತ್ತಿಗಿ ಒಮ್ಮೆಲೇ ಕರೆಂಟ್ ಎಳಿತದ, ತೆಳ್ಳನ ಕೇಬಲ್, ಹಳಿ ಯುಎಸ್‌ಬಿ ಹಬ್ ಅದನ್ನ ಕೊಡಂಗಿಲ್ಲ.

ಪೈಥಾನ್ ಬಗ್ಗೆ ಎರಡು ಮಾತು, ಯಾಕಂದ್ರ ಮುಂದ ಎಂದಾರ ಬೋರ್ಡಿನ ಫ್ಲ್ಯಾಶ್ ಮೆಮೊರಿ ಅಳಿಸ್ಲಿಕ್ಕ ಇಎಸ್‌ಪಿ ಟೂಲ್ ಅನ್ನೋ ಪೈಥಾನ್ ಸಾಫ್ಟ್‌ವೇರ್ ಬೇಕಾಗ್ತದ. ವಿಂಡೋಸ್ ಇನ್‌ಸ್ಟಾಲರ್‌ದ ಮದಲನೇ ಪರದೆದಾಗೇ ಕೆಳಗ ಪಾತ್‌ಗಿ ಸೇರಿಸ್ರಿ ಅನ್ನೋ ಟಿಕ್ ಇರ್ತದ, ಎಲ್ಲಾರೂ ಅದನ್ನ ಬಿಟ್ಟು ಇನ್‌ಸ್ಟಾಲ್ ಒತ್ತತಾರ. ಪೈಥಾನ್ ಅಂತ ಟೈಪ್ ಮಾಡಿದ್ರ ಮೈಕ್ರೋಸಾಫ್ಟ್ ಸ್ಟೋರ್ ತೆರಿತದ ಅಂದ್ರ ಸೆಟ್ಟಿಂಗ್ಸ್‌ದಾಗ ಆಪ್ ಎಕ್ಸಿಕ್ಯೂಶನ್ ಅಲಿಯಾಸ್ ಅಂತ ಹುಡುಕಿ ಪೈಥಾನ್ ಹೆಸರಿನವು ಆಫ್ ಮಾಡ್ರಿ. ಹೊಸಾ ಉಬುಂಟುದಾಗ ಪಿಪ್ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಅಂತ ಬೈದ್ರ ಹಟ ಹಿಡದು ಸಿಸ್ಟಮ್‌ಗೇ ಹಾಕಬ್ಯಾಡ್ರಿ, ವೆನ್ವ್ (ಪೈಥಾನ್‌ದ್ದೇ ಬ್ಯಾರೆ ಖೋಲಿ ಇದ್ದಂಗ) ಒಂದು ಮಾಡಿ ಅದರೊಳಗ ಹಾಕ್ಕೋರಿ.

ಸೆನ್ಸರ್ ಜೋಡಿಸೋದು

ಬ್ಲಿಂಕ್ ಆಯ್ತಾ, ಈಗ ವಾಯರ್. ಸೆನ್ಸರ್ ಬೋರ್ಡ್‌ದ 5 ವೋಲ್ಟ್ ಕಾಲು ಇಎಸ್‌ಪಿ32ರ ವಿನ್ (VIN) ಕಾಲಿಗಿ, ಗ್ರೌಂಡ್ ಗ್ರೌಂಡ್‌ಗಿ, ಟ್ರಿಗ್ (ಸಪ್ಪಳ ಬಿಡು ಅಂತ ಹೇಳೋ ಕಾಲು) ಪಿನ್ 26ಕ್ಕ. ಎಕೊ (ಸಪ್ಪಳ ತಿರುಗಿ ಬಂದ ಸುದ್ದಿ ಕೊಡೋ ಕಾಲು) ಮಾತ್ರ ನೇರ ಕೊಡಬ್ಯಾಡ್ರಿ, ಅದು 5 ವೋಲ್ಟ್ ಹೊರಗ ಬಿಡ್ತದ, ಇಎಸ್‌ಪಿ32ರ ಪಿನ್ 3.3 ವೋಲ್ಟ್‌ದ್ದು. ಎಕೊದಿಂದ 1 ಕಿಲೊ ಓಮ್ ಹಾಯಿಸಿ ಪಿನ್ 27ಕ್ಕ ತರ್ರಿ, ಅದೇ ಪಿನ್‌ದಿಂದ ಗ್ರೌಂಡ್‌ಗಿ 2 ಕಿಲೊ ಓಮ್ ಹಾಕ್ರಿ. ಐದರಾಗ ಮೂರನೇ ಎರಡು ಪಾಲು, ಅಂದ್ರ ಸುಮಾರು 3.3 ವೋಲ್ಟ್ ಅಷ್ಟೇ ಪಿನ್‌ಗಿ ಮುಟ್ಟತದ. 2 ಕಿಲೊ ಸಿಗ್ಲಿಲ್ಲಂದ್ರ 1 ಕಿಲೊದ್ದು ಎರಡು ಸಾಲಾಗಿ ಹಚ್ರಿ. ಡಿಎಸ್18ಬಿ20ರ ಕೆಂಪು 3.3ಕ್ಕ, ಕರಿ ಗ್ರೌಂಡ್‌ಗಿ, ಉಳದಿದ್ದು ಪಿನ್ 25ಕ್ಕ, ಆ ಪಿನ್‌ಗೂ 3.3ಕ್ಕೂ ನಡುವ 4.7 ಕಿಲೊ ಓಮ್.

ಬ್ಯಾರೆ ಪಿನ್ ಆರಿಸೋರಿಗಿ: 6ರಿಂದ 11 ಮುಟ್ಟಲೇ ಬ್ಯಾಡ್ರಿ, ಒಳಗ ಫ್ಲ್ಯಾಶ್ ಮೆಮೊರಿಗಿ ಹೋಗ್ಯಾವ. 34ರಿಂದ 39 ಒಳಗ ತಗೊಳ್ಳಲಿಕ್ಕಷ್ಟೇ. ಪಿನ್ 12ಕ್ಕ ಏನಾರ ಹಚ್ಚಿ ಅದು ಆನ್ ಆಗೋ ಹೊತ್ತಿಗಿ ಹೈ ಇತ್ತಂದ್ರ ಬೋರ್ಡ್ ಬೂಟೇ ಆಗಂಗಿಲ್ಲ.

ಟ್ಯಾಂಕಿದಾಗ ಕೂಡಿಸೋದು. ಈ ಸೆನ್ಸರ್‌ಗಿ ಮೂಗಿನ ಕೆಳಗಿನ 20-25 ಸೆಂಟಿಮೀಟರ್ ಕಾಣಂಗಿಲ್ಲ, ಅಷ್ಟು ಹತ್ರ ನೀರು ಬಂದ್ರ ಬಾಯಿಗಿ ಬಂದ ನಂಬರ್ ಕೊಡ್ತದ. ಅದಕ್ಕ ಟ್ಯಾಂಕಿ ತುಂಬಿ ತುಳಕೋ ಮಟ್ಟದಿಂದ ಅಷ್ಟು ಎತ್ತರಕ್ಕ ಸೆನ್ಸರ್ ಬರೂಹಂಗ ಮುಚ್ಚಳ ಮ್ಯಾಗ ಒಂದು ಅಗಲನ ಡಬ್ಬ ಕೂಡಿಸಿ ಎತ್ತರ್ಸ್ರಿ, ಇಲ್ಲಾ ತುಂಬಿದ ಮಟ್ಟದ ಹತ್ರ ರೀಡಿಂಗ್ ನಂಬಬ್ಯಾಡ್ರಿ. ನೀರು ಬೀಳೋ ಪೈಪ್‌ದಿಂದ, ಗೋಡಿಯಿಂದ ದೂರ, ನಡು ಭಾಗಕ್ಕ ಇರ್ಲಿ. ತೂತಿನ ಸುತ್ತ ಎಂ-ಸೀಲ್ ತುಂಬ್ರಿ, ಟ್ಯಾಂಕ್ಯಾಗ ಸೊಳ್ಳಿ ಹೊಕ್ಕು ಡೆಂಗಿ ಬಂದ್ರ ಪ್ರಾಜೆಕ್ಟ್ ತಗೊಂಡು ಏನ್ ಮಾಡೋದು.

ನಮ್ಮ ಬಿಸಲಿನ ಲೆಕ್ಕ

ಎಲ್ಲಾ ವಿಡಿಯೊದಾಗೂ ಒಂದೇ ಸೂತ್ರ ಕೊಡ್ತಾರ, ಸೆನ್ಸರ್ ಬಿಟ್ಟ ಸಪ್ಪಳ ನೀರಿಗಿ ಬಡದು ಹೋಗಿಬಂದ ಮೈಕ್ರೊಸೆಕೆಂಡ್‌ನ 0.0343ಕ್ಕ ಗುಣಿಸಿ ಎರಡರಿಂದ ಭಾಗಿಸ್ರಿ ಅಂತ. ಆ 0.0343 ಎಲ್ಲಿಂದ ಬಂತು? ಗಾಳ್ಯಾಗ ಸಪ್ಪಳ ಸೆಕೆಂಡಿಗಿ 343 ಮೀಟರ್ ಓಡ್ತದ ಅನ್ನೋದ್ರಿಂದ, ಅದು 20 ಡಿಗ್ರಿ ಇದ್ದಾಗಿನ ಮಾತು. ಕಲಬುರ್ಗ್ಯಾಗ 20 ಡಿಗ್ರಿ ಅಂದ್ರ ನಮಗ ಸ್ವೆಟರ್ ನೆನಪಾಗ್ತದ. ಒಂದು ಡಿಗ್ರಿ ಏರಿದ್ರ ಸಪ್ಪಳದ ವೇಗ ಸುಮಾರು 0.6 ಮೀಟರ್ ಹೆಚ್ಚಾಗ್ತದ, ಟ್ಯಾಂಕಿ ಒಳಗಿನ ಗಾಳಿ 45 ಡಿಗ್ರಿ ಆದಾಗ ಅದು 358 ದಾಟಿರ್ತದ. ಸೆನ್ಸರ್‌ದಿಂದ ನೀರು ಖರೇನೇ 100 ಸೆಂಟಿಮೀಟರ್ ಕೆಳಗಿದ್ರ ಹಳಿ ಸೂತ್ರ 95-96 ಅಂತ ತೋರಿಸ್ತದ, ಅಂದ್ರ ಇಲ್ದಿರೋ 4 ಸೆಂಟಿಮೀಟರ್ ನೀರು ಅದ ಅಂತದ. ಒಂದು ಮೀಟರ್ ಎತ್ತರದ ಸಾವಿರ ಲೀಟರ್ ಟ್ಯಾಂಕಿ ಹಿಡದ್ರ ಅದು 40 ಲೀಟರ್, ಮೂರು ಕೊಡ ನೀರು. ಮಧ್ಯಾಹ್ನ ಮೋಟರ್ ಹಚ್ಚದೇ ನೀರು ಏರ್ತದ, ರಾತ್ರಿ ಯಾರೂ ನಳ ಬಿಡದೇ ಇಳಿತದ, ಮಂದಿ ಟ್ಯಾಂಕಿ ಸೋರ್ತದ ಅಂತ ಪ್ಲಂಬರ್‌ಗಿ ಕರಿತಾರ.

ಅದಕ್ಕೇ ಡಿಎಸ್18ಬಿ20. ಅದನ್ನ ಟ್ಯಾಂಕಿ ಒಳಗ ನೀರಿಗಿ ಮುಟ್ಟದಂಗ ಗಾಳ್ಯಾಗ ಇಳಿಬಿಡ್ರಿ, ಕೋಡ್‌ದಾಗ ವೇಗ ಅಂದ್ರ 331.3, ಅದಕ್ಕ ಕೂಡ್ಸು ಡಿಗ್ರಿ ಗುಣಿಸು 0.606 ಅಂತ ಬರೀರಿ. ಡಿಎಚ್‌ಟಿ11 ಅನ್ನೋ ಇನ್ನೊಂದು ಟೆಂಪರೇಚರ್ ಸೆನ್ಸರ್ ಯಾಕ ಬ್ಯಾಡ ಅಂದ್ರ ಅದರ ಅಳತಿ 50 ಡಿಗ್ರಿಗೇ ಮುಗಿತದ, ಬಿಸಲಾಗಿನ ಕರಿ ಟ್ಯಾಂಕಿ ಅದನ್ನ ದಾಟಬಹುದು, ಮ್ಯಾಲಿಂದ ಒಳಗಿನ ಹಬಿ ಅದನ್ನ ಕೆಡಸ್ತದ. ಡಿಎಸ್18ಬಿ20 ಮೈನಸ್ 55ರಿಂದ 125 ತನಕ ಅಳಿತದ, ನೀರಿಗೂ ಅಂಜಂಗಿಲ್ಲ. ಒನ್‌ವಾಯರ್, ಡಲ್ಲಾಸ್ ಟೆಂಪರೇಚರ್ ಎರಡು ಲೈಬ್ರರಿ ಹಾಕ್ಕೊಂಡ್ರ ಸಾಕು.

ಕೋಡ್‌ದಾಗ ಇನ್ನೆರಡು. ಎಕೊದ ಹೊತ್ತು ಅಳಿಯೋ ಪಲ್ಸ್‌ಇನ್ ಫಂಕ್ಷನ್‌ಗಿ ಮೂರನೇ ಮಾತಾಗಿ 30000 ಕೊಡ್ರಿ, ಇಲ್ಲಂದ್ರ ಎಕೊ ಬರದಿದ್ದಾಗ ಒಂದು ಸೆಕೆಂಡ್ ಸುಮ್ನ ಕಾಯ್ತದ. ಎಕೊ ಬರದಿದ್ರ ಅದು 0 ಕೊಡ್ತದ, ಆ 0ನ ದೂರ ಅಂತ ತಿಳಕೊಂಡ್ರ ಟ್ಯಾಂಕಿ ತುಂಬಿ ತುಳುಕ್ಯಾಡ್ಲಿಕ್ಕತ್ತದ ಅಂತ ಲೆಕ್ಕ ಬರ್ತದ, ವಾಯರ್ ಕಡದಿದ್ರೂ ಫುಲ್ ಅಂತದ. 0 ಬಂದ್ರ "ಸೆನ್ಸರ್ ಉತ್ತರ ಇಲ್ಲ" ಅಂತ ಬ್ಯಾರೆನೇ ತೋರಿಸ್ರಿ. ಏಳು ಸಲ ಅಳದು ಸಾಲಾಗಿ ಹೊಂದಿಸಿ ನಡುವಿಂದು ತಗೋರಿ, ಸರಾಸರಿ ಬ್ಯಾಡ, ಒಂದು ಹುಚ್ಚ ರೀಡಿಂಗ್ ಸರಾಸರಿನೆಲ್ಲಾ ಕೆಡಸ್ತದ.

ವೈಫೈ, ಮೊಬೈಲ್ ಪುಟ

ಇಎಸ್‌ಪಿ32ಕ್ಕ 2.4 ಗಿಗಾಹರ್ಟ್ಸ್ ಅಷ್ಟೇ ಕಾಣ್ತದ, 5 ಗಿಗಾಹರ್ಟ್ಸ್ ಕಾಣಂಗಿಲ್ಲ. ಪಾಸ್‌ವರ್ಡ್ ಸರಿ ಇದ್ರೂ ಹಿಡಿವಲ್ದು ಅಂದ್ರ ರೌಟರ್‌ದಾಗ ಎರಡಕ್ಕೂ ಬ್ಯಾರೆ ಬ್ಯಾರೆ ಹೆಸರಿಟ್ಟು ನೋಡ್ರಿ, ಮೊಬೈಲ್ ಹಾಟ್‌ಸ್ಪಾಟ್ ಆದ್ರ ಬ್ಯಾಂಡ್ 2.4 ಮಾಡ್ರಿ. ಶಹಾಬಾದ್ ಕಲ್ಲಿನ ದಪ್ಪ ಗೋಡಿ, ಮ್ಯಾಗ ಫರ್ಸಿ ಹಾಸಿದ ಮನಿಗೋಳಾಗ ಮಾಳಗಿ ತನಕ ಸಿಗ್ನಲ್ ಬರೋದೇ ಕಷ್ಟ. ಸೀರಿಯಲ್‌ದಾಗ ಆರ್‌ಎಸ್‌ಎಸ್‌ಐ (ಸಿಗ್ನಲ್ ಎಷ್ಟು ಜೋರದ ಅನ್ನೋ ನಂಬರ್) ಪ್ರಿಂಟ್ ಮಾಡಿ ನೋಡ್ರಿ, ಮೈನಸ್ 70ರ ಆಸುಪಾಸು ತನಕ ನಡಿತದ, ಮೈನಸ್ 80 ಅಂದ್ರ ರೌಟರ್‌ನ ಮೆಟ್ಟಲ ಕಡಿ ಸರಸ್ರಿ.

ಲೈಟ್ ಹೋಗಿ ಬಂದಾಗಿಂದು ಇನ್ನೊಂದು ಫಜೀತಿ. ಲೈಟ್ ಬಂದಕೂಡಲೇ ಇಎಸ್‌ಪಿ32 ಒಂದೆರಡು ಸೆಕೆಂಡ್‌ದಾಗ ಎದ್ದು ವೈಫೈ ಹುಡುಕ್ತದ, ರೌಟರ್ ಏಳಲಿಕ್ಕ ಒಂದೆರಡು ನಿಮಿಷ ಬೇಕು. ಸೆಟಪ್‌ದಾಗ ಒಮ್ಮೆ ಪ್ರಯತ್ನಿಸಿ ಬಿಟ್ಟುಬಿಡೋ ಕೋಡ್ ಇದ್ರ ಮತ್ತ ಯಾರಾರ ಪ್ಲಗ್ ಕಿತ್ತಿ ಹಾಕೋ ತನಕ ಸುಮ್ನ ಕೂಡ್ತದ. ಲೂಪ್ ಒಳಗ 30 ಸೆಕೆಂಡಿಗೊಮ್ಮೆ ಕನೆಕ್ಷನ್ ಅದ ಇಲ್ಲ ನೋಡಿ, ಇಲ್ಲಂದ್ರ ರೀಕನೆಕ್ಟ್ ಮಾಡೂಹಂಗ ಬರೀರಿ.

ತೋರಿಸೋದಕ್ಕ ಮದ್ಲು ಕ್ಲೌಡ್ ಬ್ಯಾಡ. ಥಿಂಗ್‌ಸ್ಪೀಕ್ ಇರಬಹುದು (ಫ್ರೀ ಅಕೌಂಟಿಗಿ 15 ಸೆಕೆಂಡಿಗೊಂದೇ ರೀಡಿಂಗ್), ಬ್ಲಿಂಕ್ (Blynk) ಅನ್ನೋ ಆಪ್ ಇರಬಹುದು (ಮ್ಯಾಗಿನ ಬ್ಲಿಂಕ್ ಕೋಡ್ ಅಲ್ಲ), ಎಲ್ಲಾ ಚೊಲೊನೇ, ಆದ್ರ ನೆಟ್ ಹೋದ ದಿನ ಮನ್ಯಾಗಿನ ಟ್ಯಾಂಕಿ ನೋಡ್ಲಿಕ್ಕ ಪರದೇಶದ ಸರ್ವರ್ ಕೇಳೋದು ಯಾಕ. ಬೋರ್ಡ್‌ದಾಗೇ ವೆಬ್‌ಸರ್ವರ್ ಲೈಬ್ರರಿ ಹಾಕಿ ಒಂದು ಪುಟ ಕೊಡ್ರಿ, ಮನಿ ವೈಫೈದಾಗಿನ ಯಾವ ಮೊಬೈಲ್‌ದಾಗಾರ ಅದರ ಐಪಿ ಹೊಡದ್ರ ತೆರಿತದ. ಐಪಿ ಬದಲಾಗದಂಗ ರೌಟರ್‌ದಾಗ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿಬಿಡ್ರಿ. ಪುಟ ಕನ್ನಡದಾಗೇ ಮಾಡ್ರಿ, "ನೀರು ಅರ್ಧ ಅದ, ಮೋಟರ್ ಹಚ್ಚ್ರಿ" ಅಂತ ದೊಡ್ಡ ಅಕ್ಷರದಾಗ ಬಂದ್ರ ಅವ್ವನೂ ಓದ್ತಾಳ. ಕನ್ನಡದ ಬದ್ಲು ಕಸ ಕಂಡ್ರ ಪುಟದ ಹೆಡ್‌ದಾಗ ಯುಟಿಎಫ್-8 ಅಂತ ಹೇಳಿಲ್ಲ ಅಂತನೇ ಅರ್ಥ. 16x2 ಎಲ್‌ಸಿಡಿ ಮ್ಯಾಗ ಕನ್ನಡ ತರ್ತೀನಿ ಅಂತ ಹೊತ್ತು ಕಳಿಬ್ಯಾಡ್ರಿ, ಅದಕ್ಕ ನಮ್ಮ ಸ್ವಂತ ಅಕ್ಷರ ಒಮ್ಮೆಗಿ ಎಂಟೇ ಕೊಡ್ಲಿಕ್ಕ ಬರೋದು.

ಮೋಟರ್, ಹೊಲ

ಮೋಟರ್ ತಾನೇ ಆನ್-ಆಫ್ ಆಗ್ಬೇಕು ಅಂತ ಎಲ್ಲಾರೂ ಕೇಳ್ತಾರ. ಬೋರ್ಡಿನ ಮಾತು ಕೇಳಿ ಆನ್-ಆಫ್ ಆಗೋ ನೀಲಿ ಸಣ್ಣ ರಿಲೇ ಸ್ವಿಚ್ ಮ್ಯಾಗ 10 ಆಂಪಿಯರ್ ಅಂತ ಬರ್ದಿರ್ತದ, ಅದನ್ನ ನೋಡಿ ಮೋಟರ್ ನೇರ ಹಚ್ಚಬ್ಯಾಡ್ರಿ, ಸುರು ಆಗೋ ಹೊತ್ತಿಗಿ ಮೋಟರ್ ಅದರ ಎಷ್ಟೋ ಪಟ್ಟು ಎಳಿತದ, ರಿಲೇ ಒಳಗ ಅಂಟ್ಕೊಂಡು ಕೂಡ್ತದ, ಆಫ್ ಆಗೋದೇ ಇಲ್ಲ. ರಿಲೇ ಸ್ಟಾರ್ಟರ್‌ದ ಕಾಂಟ್ಯಾಕ್ಟರ್ ಕಾಯಿಲ್‌ಗಷ್ಟೇ, ಅದೂ ತಿಳದ ಎಲೆಕ್ಟ್ರಿಷಿಯನ್ ಕೈಲೇ. ಭಾಳ ರಿಲೇ ಬೋರ್ಡ್ ಲೋ ಕೊಟ್ರ ಆನ್ ಆಗ್ತಾವ, ಬೋರ್ಡ್ ರಿಸ್ಟಾರ್ಟ್ ಆಗೋ ಹೊತ್ತಿಗಿ ಟಕ್ ಅಂತ ಒಮ್ಮೆ ಆನ್ ಆಗಬಹುದು, ಮೋಟರ್ ಹಚ್ಚೋ ಮುಂಚೆ ಒಂದು ಬಲ್ಬ್ ಇಟ್ಟು ನೋಡ್ರಿ.

ತೊಗರಿ ಹೊಲಕ್ಕ ಮಣ್ಣಿನ ತೇವ ನೋಡ್ಬೇಕಂತ ಆಳಂದ, ಜೇವರ್ಗಿ, ಶಹಾಪುರ ಕಡಿಯವ್ರು ಕೇಳಿದ್ರ: ಎರಡು ಕಡ್ಡಿ ಇರೋ ಸೆನ್ಸರ್ ಬ್ಯಾಡ, ಜಂಗ ಹಿಡಿತದ, ಕೆಪಾಸಿಟಿವ್‌ದು ತಗೋರಿ, ಅದನ್ನ 32ರಿಂದ 39ರ ಒಳಗಿನ ಪಿನ್‌ಗೇ ಹಚ್ಚ್ರಿ, ಉಳದ ಅನಲಾಗ್ ಪಿನ್ ವೈಫೈ ಆನ್ ಇದ್ದಾಗ ಓದಂಗಿಲ್ಲ. ನಮ್ಮ ಎರಿ ಮಣ್ಣು ಒಣಗಿದ್ರ ಬಿರಿತದ, ಸೆನ್ಸರ್ ಸುತ್ತ ಸಂದಿ ಬಿಟ್ರ ಅದು ಮಣ್ಣಲ್ಲ, ಗಾಳಿ ಅಳಿತದ, ಬಿರುಕು ಬಿಡದ ಕಡಿ ನೋಡಿ ಮಣ್ಣು ಗಟ್ಟಿ ಒತ್ತಿ ಹುಗೀರಿ. ಹೊಲದಾಗ ವೈಫೈ ಎಲ್ಲಿಂದ ಬರ್ಬೇಕು, ಅಲ್ಲಿ ದೂರ ತನಕ ಸಣ್ಣ ಸುದ್ದಿ ಕಳಿಸೋ ಲೋರಾ ರೇಡಿಯೊ ಬೇಕು, ಭಾರತದಾಗ ಲೈಸೆನ್ಸ್ ಇಲ್ದೇ ಬಳಸೋ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್, ಹಿಂಗಾಗಿ 868 ಅಂತ ಮಾರೋ ಮಾಡ್ಯೂಲ್ ತಗೊಂಡು ಕೋಡ್‌ದಾಗ 866 ಇಡ್ರಿ. ಸೋಲಾರ್ ಜೊತಿ ಲಿಥಿಯಂ ಸೆಲ್ ಇಡೋರು ನೆರಳಾಗ ಇಡ್ರಿ, ಸಾಮಾನ್ಯ 18650 ಸೆಲ್ 45 ಡಿಗ್ರಿ ಮ್ಯಾಗ ಚಾರ್ಜ್ ಮಾಡಬಾರದು, ಬಿಸಲಾಗಿನ ಡಬ್ಬಿ ಒಳಗ ಅದು ಸಲೀಸಾಗಿ ದಾಟತದ.

ಡಬ್ಬಿ ಮುಚ್ಚೋ ಮುಂಚೆ

ಕೋಡ್ ತಿದ್ದೋದು ಯಾವತ್ತೂ ಮುಗಿಯಂಗಿಲ್ಲ, ಪ್ರತಿ ಸಲ ಲ್ಯಾಪ್‌ಟಾಪ್ ತಗೊಂಡು ಮಾಳಗಿ ಹತ್ತೋದು ಬ್ಯಾಡಂದ್ರ ವೈಫೈ ಮ್ಯಾಗೇ ಹೊಸಾ ಕೋಡ್ ಹಾಕ್ಲಿಕ್ಕ ಬರೋ ಆರ್ಡುಯಿನೊ ಓಟಿಎ ಲೈಬ್ರರಿ ಮದಲನೇ ಸಲನೇ ಹಾಕಿಬಿಡ್ರಿ, ಬೇಸಿಕ್ ಓಟಿಎ ಅಂತ ಎಕ್ಸಾಂಪಲ್ ಅದ, ಅದಕ್ಕ ಪಾಸ್‌ವರ್ಡ್ ಇಡೋದು ಮರೀಬ್ಯಾಡ್ರಿ. ಲೂಪ್ ಒಳಗ ಅದರ ಹ್ಯಾಂಡಲ್ ಸಾಲು ಪ್ರತಿ ಸುತ್ತಿಗೂ ಓಡ್ಬೇಕು, ಉದ್ದುದ್ದ ಡಿಲೇ ಹಾಕಿದ್ರ ಅದಕ್ಕ ಕರದ್ದು ಕೇಳಿಸಂಗಿಲ್ಲ. ಪಾರ್ಟಿಶನ್ ಸ್ಕೀಮ್ (ಬೋರ್ಡಿನ ಮೆಮೊರಿ ಪಾಲು ಮಾಡೋದು) ಡಿಫಾಲ್ಟ್ ಇರ್ಲಿ, ಹ್ಯೂಜ್ ಆಪ್ ಆರಿಸಿದ್ರ ಓಟಿಎಗಿ ಜಾಗನೇ ಇರಂಗಿಲ್ಲ. ಆಮ್ಯಾಗ ಐಡಿಇ ಪೋರ್ಟ್ ಪಟ್ಟಿದಾಗ ಕಾಮ್ ಬದ್ಲು ನೆಟ್‌ವರ್ಕ್ ಪೋರ್ಟ್ ಕಾಣಸ್ತದ. ಕಾಣವಲ್ದು ಅಂದ್ರ ಲ್ಯಾಪ್‌ಟಾಪ್ ಅದೇ ವೈಫೈದಾಗ ಅದ ಇಲ್ಲ ನೋಡ್ರಿ, ಮತ್ತ ವಿಂಡೋಸ್‌ದಾಗ ಆ ವೈಫೈ "ಪಬ್ಲಿಕ್" ಅಂತ ಇದ್ರ "ಪ್ರೈವೇಟ್" ಮಾಡಿ, ಫೈರ್‌ವಾಲ್ ಕೇಳಿದಾಗ ಆರ್ಡುಯಿನೊ ಐಡಿಇಗೂ ಅದರ ಜೊತಿ ಬರೋ ಟೂಲ್‌ಗೋಳಿಗೂ ಅಲೋ ಒತ್ರಿ.